ಕಾರು ಹೇಳಿದ ಇಬ್ಬರು

ರೊಕ್ಕಾಸ್ಕುರಾ
ಮೇ 9, ಶನಿವಾರ

ನನ್ನ ಜಿದಿಯಾ,

ಚೆನ್ನಾಗಿದ್ದೀಯಾ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ, ತಾಯಿಯ ಬಾಯಿಗೆ ಬೇರೆ ಮಾತು ಬರುವುದಿಲ್ಲ. ಊಟ ಮಾಡುತ್ತಿದ್ದೀಯಾ? ನಿದ್ದೆ ಹತ್ತುತ್ತದೆಯೇ? ತೆಕ್ಲಾ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಗೊತ್ತು. ನಿನ್ನ ಗಂಡನ ಅಕ್ಕ ಅಲ್ಲವೇ, ದೊನಾತೊನ ಗುಣ ಅವಳಲ್ಲೂ ಇದ್ದೇ ಇರುತ್ತದೆ.

ಕಾಗದ ತಡವಾಯಿತು, ಅದನ್ನೂ ಒಂದು ತಪ್ಪೆಂದು ಎಣಿಸಬೇಡ. ಗಂಡನನ್ನು ಮಣ್ಣು ಮಾಡಿದ ಮರುದಿನವೇ ನೀನು ತಾರಾಂತೊಗೆ ಹೊರಟುಹೋದೆ. ಅಂದಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ಒಂದು ಸಲ ತೆಕ್ಲಾ ಎತ್ತಿಕೊಂಡಳು. "ಅವ್ಳು ಮಾತಾಡಲ್ಲ ಅಮ್ಮಾ. ನಿಮ್ಮ ನಂಬರ್ ಕಂಡ್ರೆ ಸಾಕು, ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೋತಾಳೆ. ನೀವು ಫೋನ್ ಮಾಡಿದಷ್ಟೂ ಅವ್ಳು ಅಲ್ಲೇ ಇರ್ತಾಳೆ" ಎಂದಳು. ಆಮೇಲೆ ನಾನು ಫೋನ್ ಮುಟ್ಟಲಿಲ್ಲ. ಅಂಚೆ ಕಚೇರಿಗೆ ಹೋಗಿ ಲಕೋಟೆ ಕೇಳಿದಾಗ ಕಿಟಕಿಯ ಹಿಂದಿದ್ದವನು, "ಏನಮ್ಮಾ ಇಂಕೊರೊನಾತಾ, ಈ ವಯಸ್ಸಲ್ಲಿ ಯಾರಿಗೆ ಪ್ರೇಮಪತ್ರ?" ಎಂದು ಹಲ್ಲು ಕಿರಿದ. ಹೆಸರು ಹೇಳಿದೆ. ಪಾಪ, ಅವನ ಮುಖ ಸಣ್ಣದಾಯಿತು.

ಊರಿನ ಸುದ್ದಿ ನಿನಗೆ ಬೇಡವೆಂದು ಗೊತ್ತು. ಪಕ್ಕದ ಮರಿಯಾಂತೋನಿಯಾ ದಿನಾ ಮಧ್ಯಾಹ್ನ ಬಟ್ಟಲು ತುಂಬ ಕಡಲೆ ಸಾರು ತಂದಿಟ್ಟು, ನಾನು ಅದನ್ನು ತಿಂದು ಮುಗಿಸುವ ತನಕ ಎದುರಿಗೆ ಕೂತಿರುತ್ತಾಳೆ. ನನ್ನ ಹೊಟ್ಟೆಯ ಮೇಲಿನ ಕಾಳಜಿ ಎಂದುಕೊಂಡೆಯಾ? ನನ್ನ ಬಾಯಿಂದ ಏನಾದರೂ ಉದುರೀತೇ ಎಂದು ಕಾಯುವುದು. ಸಾರಿಗೆ ಉಪ್ಪು ಕಡಿಮೆ, ಅವಳ ಕಿವಿಗೆ ಮಾತ್ರ ಎಲ್ಲ ಖಾರವಾಗಿರಬೇಕು.

ಈಗ ನಿನ್ನಪ್ಪನ ವಿಷಯ. ಕಾಗದ ಮಡಚಬೇಡ, ಓದು. ಅವನಿಗೆ ಹನ್ನೆರಡು ದಿನದ ಮೇಲೆ ಎಚ್ಚರ ಬಂತು. ಪಕ್ಕೆಲುಬು ಐದು ಮುರಿದಿವೆ, ಬಲಗೈ ಎತ್ತಲಾಗುವುದಿಲ್ಲ, ಶ್ವಾಸಕೋಶದಲ್ಲಿ ನೀರಿದೆ. ಮಾತು ಆಡುತ್ತಾನೆ, ಆದರೆ ಒಂದು ವಾಕ್ಯ ಮುಗಿಸಲು ಎರಡು ಸಲ ನಿಂತು ಉಸಿರು ತೆಗೆದುಕೊಳ್ಳಬೇಕು. ಮೊದಲು ಕೇಳಿದ್ದು ನಿನ್ನ ಹೆಸರು. "ಜಿದಿಯಾ ಎಲ್ಲಿ?" ಎಂದ. ದೊನಾತೊ ಹೋದದ್ದನ್ನು ಇನ್ನೂ ಹೇಳಿಲ್ಲ. ಕೆಲಸದ ಮೇಲೆ ಇಬ್ಬರೂ ಊರಿಗೆ ಹೋಗಿದ್ದಾರೆ ಎಂದೆ. ನನ್ನನ್ನೇ ನೋಡಿದ. ನಲವತ್ತನಾಲ್ಕು ವರ್ಷ ಸಂಸಾರ ಮಾಡಿದವನು, ನನ್ನ ಸುಳ್ಳು ಅವನಿಗೆ ಗೊತ್ತಾಗದೇ?

ಅವತ್ತು ಮನೆಯಲ್ಲಿ ಏನು ನಡೆಯಿತೆಂದು ನಿನಗೆ ನಾನು ಕೂತು ಹೇಳಿಯೇ ಇಲ್ಲ. ನೀನು ಅಪ್ಪನನ್ನು ಎತ್ತಿಕೊಂಡು ಹೋದ ಹೆಲಿಕಾಪ್ಟರಿನ ಹಿಂದೆಯೇ ಆಸ್ಪತ್ರೆಗೆ ಓಡಿದ್ದೆ. ಉಳಿದದ್ದೆಲ್ಲ ನಿನಗೆ ಊರವರ ಬಾಯಿಂದ ಸಿಕ್ಕಿದ್ದು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಅವನು ದ್ರಾಕ್ಷಿ ತೋಟಕ್ಕೆ ಹೋಗುತ್ತೇನೆಂದು ಹೊರಟ. ಒಳ್ಳೆಯ ಅಂಗಿ ಹಾಕಿದ್ದ. ತೋಟಕ್ಕೆ ಯಾರು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಾರೆ ಎಂದು ಮನಸ್ಸಿಗೆ ಬಂದಿತ್ತು, ಕೇಳಲಿಲ್ಲ. ಹನ್ನೊಂದರ ಹೊತ್ತಿಗೆ ಠಾಣೆಯ ಸಾಹೇಬರು ಬಂದು ಬಾಗಿಲಲ್ಲಿ ಟೋಪಿ ತೆಗೆದರು. ಮೊಂತೆಲೀಚೊ ರಸ್ತೆಯ ತಿರುವಿನಲ್ಲಿ ಕಾರು ತಡೆಗೋಡೆ ಮುರಿದು ಹೊಳೆಗೆ ಬಿದ್ದಿದೆ ಎಂದರು. ತೋಟ ಇರುವುದು ಕೆಳಗೆ, ಮೊಂತೆಲೀಚೊ ಇರುವುದು ಮೇಲೆ. ಮೊಂತೆಲೀಚೊದಲ್ಲಿ ಯಾರಿದ್ದಾರೆಂದು ನಿನಗೂ ಗೊತ್ತು, ಊರಿಗೂ ಗೊತ್ತು. ನಿನ್ನಪ್ಪ ನನ್ನನ್ನು ಮದುವೆಯಾಗುವ ಮುಂಚೆ ಉಂಗುರ ತೊಡಿಸಿದ್ದ ಕ್ಲೊರಿಂದಾ. ಆರು ವರ್ಷದ ಹಿಂದೆ ಅವಳ ಗಂಡ ತೀರಿಕೊಂಡ.

"ಕಾರೇ ಫೋನ್ ಮಾಡಿದೆ ಅಮ್ಮಾ" ಎಂದರು ಸಾಹೇಬರು. "ಬಿದ್ದ ಕೂಡ್ಲೇ 112ಕ್ಕೆ ಕರೆ ಹೋಗಿದೆ. ಜಾಗ ಸರಿಯಾಗಿ ಹೇಳಿದ್ದಕ್ಕೇ ಬದುಕಿದಾರೆ. ಆದ್ರೆ ಬೆಲ್ಟ್ ಎರಡು ಹಾಕಿತ್ತು ಅಂತ ಹೇಳಿದೆ. ಪಕ್ಕದ ಬಾಗ್ಲು ಕಿತ್ತುಹೋಗಿದೆ, ಸೀಟು ಖಾಲಿ. ಜೊತೇಲಿ ಯಾರಿದ್ರು?"

ನೆನಪಿದೆಯಾ, ಹೋದ ವರ್ಷ ಅಪ್ಪನಿಗೆ ಅಂಥದ್ದೇ ಕಾರು ಬೇಕೆಂದು ಹಟ ಹಿಡಿದವನು ದೊನಾತೊ. ಭಾನುವಾರದ ಊಟಕ್ಕೆ ಕೂತು, ಕಾರಿನ ಚಾವಣಿಯಲ್ಲಿರುವ ಕೆಂಪು ಗುಂಡಿಯನ್ನು ಫೋನಿನಲ್ಲಿ ತೋರಿಸಿ, "ಮಾವ, ನೀವು ಎಚ್ಚರ ತಪ್ಪಿ ಬಿದ್ದಿದ್ರೂ ಇದು ತಾನೇ ಕರೆ ಮಾಡುತ್ತೆ. ಎಲ್ಲಿದೀರಿ, ಯಾವ ಕಡೆ ಹೋಗ್ತಿದ್ರಿ, ಎಷ್ಟು ಬೆಲ್ಟ್ ಹಾಕಿದೆ, ಎಲ್ಲಾ ಹೇಳುತ್ತೆ. ನಮ್ಮ ರಕ್ಷಣಾ ತಂಡಕ್ಕೆ ಅರ್ಧ ಕೆಲಸ ಕಡಿಮೆ" ಎಂದ. ಅದಕ್ಕೆ ನಿನ್ನಪ್ಪ, "ಅಯ್ಯೋ ಮಾರಾಯ, ಮನೇಲಿ ಒಬ್ಳು ಚಾಡಿ ಹೇಳೋಳು ಇರೋದು ಸಾಲ್ದು ಅಂತ ಕಾರಿಗೂ ಬಾಯಿ ಕೊಡಿಸ್ತಿದೀಯಲ್ಲ!" ಎಂದ. ನೀನು ನಕ್ಕು ನಕ್ಕು ಕೆಮ್ಮಿದೆ. ನಾನೂ ನಕ್ಕೆ.

ಸಾಹೇಬರು ಇನ್ನೊಂದು ಮಾತು ಹೇಳಿದರು. ಹೇಳಬಾರದಿತ್ತು, ಆದರೆ ಅವರ ಕೆಲಸ ಅದು. 112ರಲ್ಲಿದ್ದ ಹೆಂಗಸು ಕಾರಿನ ಸ್ಪೀಕರಿನಲ್ಲಿ, "ಸರ್, ಒಳಗೆ ಎಷ್ಟು ಜನ ಇದೀರಿ?" ಎಂದು ಮೂರು ಸಲ ಕೇಳಿದಳಂತೆ. ಅವಳಿಗೆ ನೀರಿನ ಸದ್ದಿನ ನಡುವೆ ಕೇಳಿಸಿದ್ದು ಒಂದೇ ಮಾತು: "ನನ್ನ ಹೆಂಡ್ತಿಗೆ ಹೇಳ್ಬೇಡಿ."

"ನಂಗೊತ್ತಿಲ್ಲ ಸಾಹೇಬ್ರೇ" ಎಂದಷ್ಟೇ ಹೇಳಿದೆ.

ಮೂರು ಗಂಟೆಗೆ ದೊನಾತೊ ಬಂದ. ಮೊಣಕಾಲಿನ ತನಕ ಒದ್ದೆ. ನಿನ್ನಪ್ಪನ ಉಣ್ಣೆಯ ಕಾಲುಚೀಲ ಕೊಟ್ಟೆ. ಕೂರಲೂ ಇಲ್ಲ, ನಿಂತೇ ಕಾಫಿ ಕುಡಿದು ಮತ್ತೆ ಇಳಿದ. ಬೆಟ್ಟದ ಹಿಮ ಕರಗಿ ಹೊಳೆ ಕೆಂಪಗೆ ಏರುತ್ತಿತ್ತು. ಐದೂವರೆಗೆ ಅವನಿಗೆ ಕಟ್ಟಿದ್ದ ಹಗ್ಗ ಬಂಡೆಗೆ ಉಜ್ಜಿ ಹರಿಯಿತಂತೆ. ಮುಂದಿನದು ನಿನಗೆ ನನಗಿಂತ ಹೆಚ್ಚು ಗೊತ್ತು.

ಆಮೇಲೂ ಎರಡು ದಿನ ನಾಯಿಗಳನ್ನು ತಂದು ಆ ಎರಡನೆಯವರನ್ನು ಹುಡುಕಿದರು. ಒಂದು ಚಪ್ಪಲಿಯೂ ಸಿಗಲಿಲ್ಲ. ಕ್ಲೊರಿಂದಾ ಅವತ್ತು ಬೆಳಿಗ್ಗೆಯೇ ಬಸ್ಸು ಹಿಡಿದು ಸಂತೆಗೆ ಹೋಗಿದ್ದಳಂತೆ, ಸಂಜೆ ಆರಕ್ಕೆ ಮನೆಗೆ ಬಂದಾಗ ಪೊಲೀಸರನ್ನು ಕಂಡು, "ಆ ಮುದ್ಕನ ಕಾರಲ್ಲಿ ನಾನು ಕೂರ್ಬೇಕಾ? ಅವನ ಡ್ರೈವಿಂಗ್ ನೋಡಿಯೇ ಅವತ್ತು ಉಂಗುರ ವಾಪಸ್ ಕೊಟ್ಟಿದ್ದು" ಎಂದು ಬೈದಳಂತೆ. ಅವಳಲ್ಲ ಎಂದಮೇಲೆ ಊರು ಸುಮ್ಮನಾಯಿತೆಂದುಕೊಂಡೆಯಾ? ಇನ್ನೊಬ್ಬಳನ್ನು ಹುಟ್ಟಿಸಿತು. ಹೆಸರಿಲ್ಲ, ಊರಿಲ್ಲ, ಆದರೆ ಅವಳ ಕೂದಲ ಬಣ್ಣ ಮಾತ್ರ ಮರಿಯಾಂತೋನಿಯಾಗೆ ಗೊತ್ತು.

ಜಿದಿಯಾ, ನಾಲ್ಕು ದಿನದ ಹಿಂದೆ ನರ್ಸು ನನಗೆ ಅವನ ಕೋಟು ಕೊಟ್ಟಳು. ಒಳಜೇಬಿನಲ್ಲಿ ನೆಂದು ಒಣಗಿದ ಒಂದು ಚೀಟಿ ಇತ್ತು. ಮೊಂತೆಲೀಚೊದ ಕಣ್ಣಿನ ಡಾಕ್ಟರದ್ದು, ಆ ಮಂಗಳವಾರವೇ ಬೆಳಿಗ್ಗೆ ಒಂಬತ್ತರದು. ಎರಡೂ ಕಣ್ಣಿಗೆ ಪೊರೆ, ಕಾರು ಓಡಿಸಬಾರದು ಎಂದು ಬರೆದಿದ್ದಾರೆ. ಅದನ್ನೇ ನನಗೆ ಹೇಳಬೇಡಿ ಎಂದಿದ್ದು ಅವನು. ಕಾರಿನ ಕೀಲಿ ಕಿತ್ತುಕೊಳ್ಳುತ್ತೇನೆಂಬ ಹೆದರಿಕೆ. ಹೆಂಗಸಿಲ್ಲ, ಏನಿಲ್ಲ. ಒಬ್ಬ ಮುದುಕ ತನ್ನ ಕುರುಡನ್ನು ಹೆಂಡತಿಯಿಂದ ಬಚ್ಚಿಡಲು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದ, ಅಷ್ಟೇ.

ಒಂದು ಸಲ ಬಾ. ಹತ್ತು ನಿಮಿಷ ಸಾಕು. ದೇವರು ನಿನ್ನ ಎದೆಯ ಭಾರವನ್ನು ಸ್ವಲ್ಪವಾದರೂ ನನ್ನ ಮೇಲೆ ಹಾಕಲಿ.

ನಿನ್ನ ಅಮ್ಮ

ಮರೆತೆ: ನಿಮ್ಮ ಮನೆಯ ಬಾಲ್ಕನಿಯ ಗಿಡಗಳಿಗೆ ದಿನಾ ನೀರು ಹಾಕುತ್ತಿದ್ದೇನೆ. ದೊನಾತೊನ ಮೆಣಸಿನ ಗಿಡ ಹೂ ಬಿಟ್ಟಿದೆ.


ರೊಕ್ಕಾಸ್ಕುರಾ
ಮೇ 21, ಗುರುವಾರ

ಜಿದಿಯಾ,

ನಿನ್ನ ಕಾರ್ಡು ಬಂತು. ನಾಲ್ಕೇ ಸಾಲು, ಆದರೂ ನಿನ್ನ ಅಕ್ಷರ ಕಂಡು ಅಂಚೆ ಕಚೇರಿಯ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಉತ್ತರ ಅಂದೇ ಬರೆಯಬೇಕಿತ್ತು, ಕೈ ಬರಲಿಲ್ಲ.

ನೀನು ಬರೆದಿದ್ದೀಯ: "ಅಮ್ಮಾ, ಕಣ್ಣಿನ ಚೀಟಿ ಇದ್ದಮಾತ್ರಕ್ಕೆ ಕಾರಲ್ಲಿ ಯಾರೂ ಇರ್ಲಿಲ್ಲ ಅಂತಲ್ಲ. ಕಾರಿಗೆ ಮಾನ ಉಳಿಸ್ಕೊಳ್ಳೋ ಚಿಂತೆ ಇಲ್ಲ, ಅದು ಎರಡು ಅಂದಿದೆ. ದೊನಾತೊ ಆ ಎರಡನೆಯವರನ್ನ ಹುಡುಕೋಕೆ ಹೋಗಿ ಸತ್ತ. ಅದು ಯಾರು ಅಂತ ಅಪ್ಪ ಬಾಯಿಬಿಟ್ಟು ಹೇಳೋ ತನಕ ನಂಗೆ ಅಪ್ಪ ಇಲ್ಲ."

ನಿನ್ನ ಮಾತನ್ನು ಅವನಿಗೆ ತಲುಪಿಸಬೇಕಾಗಿ ಬರಲಿಲ್ಲ. ಪಕ್ಕದ ಹಾಸಿಗೆಗೆ ಹೊಸದಾಗಿ ಬಂದ ಮನುಷ್ಯ ನಮ್ಮ ಕಡೆಯವನೇ. ನಾನು ಕೆಳಗೆ ನೀರು ತರಲು ಹೋಗಿದ್ದಾಗ, "ನಿಮ್ಮ ಅಳಿಯನ ವಿಷ್ಯ ಕೇಳಿ ತುಂಬಾ ಬೇಜಾರಾಯ್ತು" ಎಂದುಬಿಟ್ಟಿದ್ದಾನೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಅವನ ಬಾಯಿಗೆ ಮಣ್ಣು ಬೀಳ.

ನಾನು ಬರುವ ಹೊತ್ತಿಗೆ ನಿನ್ನಪ್ಪ ಗೋಡೆಯ ಕಡೆ ತಿರುಗಿದ್ದ. "ಅವ್ನು ಯಾಕೆ ನೀರಿಗಿಳ್ದ?" ಎಂದು ಕೇಳಿದ. ಹೇಳಿದೆ. ಕಾರು ಇಬ್ಬರು ಎಂದದ್ದನ್ನು ಹೇಳಿದೆ.

"ನಾನೊಬ್ನೇ ಇದ್ದೆ" ಎಂದ.

"ಹೂಂ" ಎಂದೆ.

"ನಾನೊಬ್ನೇ ಇದ್ದೆ ಅಂತ ನೀನು ಅವ್ರಿಗೆ ಹೇಳ್ಲಿಲ್ವಾ?"

ನರ್ಸು ಬಂದಳು, ಮಾತು ಅಲ್ಲಿಗೇ ನಿಂತಿತು.

ಅಲ್ಲಿಂದಾಚೆಗೆ ಅವನಿಗೆ ಒಂದೇ ಧ್ಯಾನ. ಬಿದ್ದ ಹೊತ್ತಿನದು ಅವನಿಗೆ ಒಂದು ಚೂರೂ ನೆನಪಿಲ್ಲ. ಡಾಕ್ಟರ ಬಳಿಯಿಂದ ಹೊರಗೆ ಬಂದದ್ದು ನೆನಪಿದೆ, ಕಾರು ಹತ್ತಿದ್ದು ನೆನಪಿದೆ, ಆಮೇಲೆ ಇಲ್ಲ. ಮೊದಲೆರಡು ದಿನ ಒಬ್ಬನೇ ಇದ್ದೆ ಎಂದು ಹಟ ಹಿಡಿದವನು, ಮೂರನೇ ದಿನ ನನ್ನ ಕೈ ಹಿಡಿದುಕೊಂಡು, "ಇಂಕೊರೊನಾ, ನಾನು ದಾರೀಲಿ ಯಾರನ್ನಾದ್ರೂ ಹತ್ತಿಸ್ಕೊಂಡ್ನಾ? ಬಸ್ ಸ್ಟ್ಯಾಂಡಲ್ಲಿ ಯಾರಾದ್ರೂ ಕೈ ಅಡ್ಡ ಹಾಕಿದ್ರಾ? ಕಾರು ಸುಳ್ಳು ಯಾಕೆ ಹೇಳುತ್ತೆ?" ಎಂದ. ಈಗ ಅದು ಅವನಿಗೆ ಖಾತ್ರಿಯಾಗಿಬಿಟ್ಟಿದೆ. ಯಾರೋ ಪರವೂರಿನವರು, ಹೇಳಕೇಳುವವರಿಲ್ಲದವರು, ತನ್ನನ್ನು ನಂಬಿ ಕಾರು ಹತ್ತಿದರು, ಕಣ್ಣು ಕಾಣದ ತಾನು ಅವರನ್ನು ಹೊಳೆಗೆ ಹಾಕಿದೆ ಎಂದು. "ಇನ್ನೂ ಅಲ್ಲೇ ಬಂಡೆ ಸಂದೀಲಿ ಇದಾರೆ. ಹುಡುಕ್ಸು, ಸಾಹೇಬ್ರಿಗೆ ಹೇಳು" ಎನ್ನುತ್ತಾನೆ. ಅನ್ನ ನೀರು ಬಿಟ್ಟಿದ್ದಾನೆ. ಚಮಚ ತುಟಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಾನೆ.

ನೀನು ಕೇಳಿದ ಹೆಸರನ್ನು ಅವನು ಎಲ್ಲಿಂದ ತರಲಿ, ಹೇಳು? ಇಲ್ಲದ ಹೆಸರನ್ನು ಅವನು ಹಗಲೆಲ್ಲ ಹುಡುಕುತ್ತಾ ಮಲಗಿದ್ದಾನೆ. ನೋಡಿದರೆ ನಿನಗೆ ಸಿಟ್ಟು ಉಳಿಯುವುದಿಲ್ಲ. ಒಂದು ಸಲ ಬಂದು ನೋಡು, ನೋಡಿ ಬೈದು ಹೋಗು. ಬೈಯಲಾದರೂ ಬಾ.

ಅಮ್ಮ


ರೊಕ್ಕಾಸ್ಕುರಾ
ಮೇ 30, ಶನಿವಾರ

ನನ್ನ ಕಂದಾ, ಜಿದಿಯಾ,

ಒಂಬತ್ತು ದಿನ ಕಾದೆ. ನಿನ್ನಿಂದ ಏನೂ ಇಲ್ಲ. ನಾನು ಬರೆದದ್ದೂ ತಡ, ನೀನು ಓದುವುದೂ ತಡ, ನಮ್ಮಿಬ್ಬರಿಗಾಗಿ ಕಾಯುವ ಶಕ್ತಿ ಮಾತ್ರ ಅವನಲ್ಲಿ ಉಳಿದಿಲ್ಲ.

ಎದೆಗೆ ಸೋಂಕು ಹತ್ತಿದೆ. ಬುಧವಾರದಿಂದ ಮೂಗಿಗೆ ಮಾಸ್ಕು. ಆ ಕುಳ್ಳಗಿನ ಡಾಕ್ಟರಮ್ಮ ನನ್ನನ್ನು ಕಾರಿಡಾರಿಗೆ ಕರೆದು, "ಬರೋರು ಯಾರಾದ್ರೂ ಇದ್ರೆ ಬೇಗ ಬರ್ಲಿ ಅಮ್ಮಾ. ಔಷಧಿ ನಾವು ಕೊಡ್ತೀವಿ, ಬದುಕ್ಬೇಕು ಅನ್ನೋದು ಅವ್ರಿಗೆ ಇರ್ಬೇಕಲ್ಲ" ಎಂದಳು. ನಿನ್ನೆ ಪಾದ್ರಿಗಳು ಬಂದು ಹಣೆಗೆ ಎಣ್ಣೆ ಹಚ್ಚಿ ಹೋದರು. ಅವರ ಮುಂದೆಯೂ ಅದೇ: "ಫಾದರ್, ನಾನು ಇಬ್ರನ್ನ ಕೊಂದೆ. ಒಬ್ಬನ ಹೆಸ್ರು ದೊನಾತೊ. ಇನ್ನೊಬ್ರ ಹೆಸ್ರು ನಂಗೊತ್ತಿಲ್ಲ." ಪಾದ್ರಿಗಳು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಹಟದಲ್ಲಿ ನೀನು ನನ್ನ ಮಗಳೇ. ಚಿಕ್ಕಂದಿನಲ್ಲಿ ನಿನ್ನನ್ನು ಬೈದರೆ ನೀನು ಎರಡು ದಿನ ಮಾತು ಬಿಡುತ್ತಿದ್ದೆ, ಅಪ್ಪ ಬಂದು ಮೇಜಿನ ಕೆಳಗೆ ಕೂತು ನಿನ್ನ ಜೊತೆ ತಾನೂ ಮುನಿಸಿಕೊಂಡವನಂತೆ ನಟಿಸುತ್ತಿದ್ದ. ಅವನ ಹೊಟ್ಟೆ ಮೇಜಿನ ಕೆಳಗೆ ಹಿಡಿಸುತ್ತಿರಲಿಲ್ಲ, ನೀನು ನಗುತ್ತಿದ್ದೆ. ಇದನ್ನು ನಿನ್ನ ಮನಸ್ಸು ಕರಗಿಸಲೆಂದೇ ಬರೆಯುತ್ತಿದ್ದೇನೆ. ಮುಚ್ಚುಮರೆ ಇಲ್ಲ. ಕೈಯಲ್ಲಿ ಬೇರೇನೂ ಉಳಿದಿಲ್ಲ, ಕಂದಾ, ಇದ್ದದ್ದನ್ನೆಲ್ಲ ಎಸೆಯುತ್ತಿದ್ದೇನೆ.

ನಿನಗೆ ಒಳ್ಳೆಯದಾಗಲಿ. ನಿನಗೆ ನಿದ್ದೆ ಬರಲಿ. ದೊನಾತೊನ ಆತ್ಮ ತಣ್ಣಗಿರಲಿ. ನನ್ನ ಆಯಸ್ಸಿನಲ್ಲಿ ಏನಾದರೂ ಮಿಕ್ಕಿದ್ದರೆ ಅದು ನಿನಗೇ ಸೇರಲಿ.

ನಿನ್ನ ಅಮ್ಮ,
ಇಂಕೊರೊನಾತಾ

ಇಷ್ಟು ಬರೆದು, ಸಹಿ ಹಾಕಿ, ಲಕೋಟೆಗೆ ಅಂಟು ಹಚ್ಚಿ ಅಂಚೆ ಕಚೇರಿಯ ತನಕ ಹೋಗಿದ್ದೆ. ಡಬ್ಬಿಯ ಮುಂದೆ ನಿಂತು, ಹಾಕದೆ ತಿರುಗಿದೆ. ಲಕೋಟೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಎರಡನೆಯವರು ಯಾರೂ ಇರಲಿಲ್ಲ. ಕಾರು ಯಾಕೆ ಎರಡು ಎಂದಿತೆಂದು ನನಗೆ ಗೊತ್ತಿತ್ತು.

ಪ್ರತಿ ಶನಿವಾರ ನಿನ್ನಪ್ಪ ಕಟ್ಟಿಗೆ ಒಲೆಯ ಬೇಕರಿಯಿಂದ ಬ್ರೆಡ್ಡು ತರುತ್ತಾನಲ್ಲ, ನಮಗೆ, ಮರಿಯಾಂತೋನಿಯಾಗೆ, ಬೀದಿಯ ಅರ್ಧ ಜನಕ್ಕೆ. ಬುಟ್ಟಿಯನ್ನು ಪಕ್ಕದ ಸೀಟಿನಲ್ಲಿ ಇಟ್ಟರೆ ಆ ಕಾರು ಮನುಷ್ಯರು ಕೂತಿದ್ದಾರೆ ಎಂದುಕೊಂಡು ಬೆಲ್ಟ್ ಹಾಕಿ ಎಂದು ಟ್ರಿಣ್ ಟ್ರಿಣ್ ಎಂದು ಬಡಿದುಕೊಳ್ಳುತ್ತಿತ್ತು. ಮೂರನೇ ವಾರಕ್ಕೆ ನನಗೆ ತಲೆ ಕೆಟ್ಟುಹೋಯಿತು. ಬೆಲ್ಟನ್ನು ಸೀಟಿನ ಬೆನ್ನಿಗೆ ಒತ್ತಿ, ಎಳೆದು, ಕೊಂಡಿಗೆ ಸಿಕ್ಕಿಸಿಬಿಟ್ಟೆ. ಅಂದಿನಿಂದ ಅದು ಹಾಗೆಯೇ ಇತ್ತು, ಬುಟ್ಟಿ ಇರಲಿ, ಇಲ್ಲದಿರಲಿ. ನಾನು ಕೂತರೂ ಬೆಲ್ಟು ನನ್ನ ಬೆನ್ನ ಹಿಂದೆಯೇ. ಊರಲ್ಲಿ ಯಾರ ಕಾರಿನಲ್ಲಿ ಹಾಗಿಲ್ಲ ಹೇಳು? ನಿನಗೆ ಗೊತ್ತಾಗಿರಲಿಲ್ಲ, ನೀನು ಯಾವಾಗಲೂ ಹಿಂದೆ ಕೂರುತ್ತಿದ್ದೆ. ನಿನ್ನಪ್ಪನಿಗೆ ಸದ್ದು ನಿಂತದ್ದಷ್ಟೇ ಗೊತ್ತು, ಯಾಕೆ ನಿಂತಿತೆಂದು ಅವನು ತಿರುಗಿಯೂ ನೋಡಿದವನಲ್ಲ.

ಸಾಹೇಬರು ಎರಡು ಬೆಲ್ಟ್ ಎಂದ ಕ್ಷಣದಲ್ಲಿ ನನಗೆ ಅದು ಹೊಳೆಯಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹೆಂಡತಿಗೆ ಹೇಳಬೇಡಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ತಲೆಯೊಳಗೆ ಕ್ಲೊರಿಂದಾ ಒಬ್ಬಳೇ. ಅವರು ಹೋದ ಮೇಲೆ ಒಲೆಯ ಮುಂದೆ ಕಾಫಿ ಕಾಯಿಸುತ್ತಾ ನಿಂತಾಗ ನೆನಪಾಯಿತು. ಆಗ ಹನ್ನೆರಡೂ ಆಗಿರಲಿಲ್ಲ. ಫೋನ್ ಕೈಯಲ್ಲೇ ಇತ್ತು.

ಮಾಡಲಿಲ್ಲ. ಬೆಲ್ಟಿನ ಮಾತು ಹೇಳಿದರೆ ಎಲ್ಲರೂ ಹಗ್ಗ ಸುತ್ತಿಕೊಂಡು ಮನೆಗೆ ಹೋಗುತ್ತಾರೆ, ಆಮೇಲೆ ಕಾರಿನಲ್ಲಿ ಅವಳಿದ್ದಳೋ ಇಲ್ಲವೋ ನನಗೆ ಸಾಯುವ ತನಕ ಗೊತ್ತಾಗುವುದಿಲ್ಲ ಎಂದುಕೊಂಡೆ. ಹುಡುಕಲಿ, ಇದ್ದರೆ ಊರ ಮುಂದೆ ಸಿಗಲಿ, ಇಲ್ಲದಿದ್ದರೆ ಅವನ ಹೆಸರು ತೊಳೆದುಹೋಗಲಿ ಎಂದುಕೊಂಡೆ. ಆಸ್ಪತ್ರೆಗೆ ನಿನ್ನ ಜೊತೆ ಬರದೆ ನಾನು ಮನೆಯಲ್ಲಿ ಉಳಿದದ್ದೂ ಅದಕ್ಕೇ. ಗಂಡ ಸಾಯುತ್ತಿರುವಾಗ ನಾನು ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಹೊಳೆಯಿಂದ ಯಾರನ್ನು ಎತ್ತಿ ತರುತ್ತಾರೆ ಎಂದು ರಸ್ತೆ ಕಾಯುತ್ತಿದ್ದೆ.

ಮೂರಕ್ಕೆ ದೊನಾತೊ ಬಂದದ್ದು ಕಾಫಿಗಲ್ಲ. "ಅತ್ತೆ, ಕಮಾಂಡರ್ ಸಾಕು ಅಂತಿದಾರೆ, ನೀರು ಏರ್ತಿದೆ. ಇಲ್ಲೇ ನಮ್ಮಿಬ್ರ ಮಧ್ಯೆ ಹೇಳಿ, ಮಾವನ ಜೊತೆ ಯಾರಾದ್ರೂ ಇದ್ರಾ? ಇಲ್ಲ ಅಂದ್ರೆ ನಿಲ್ಲಿಸ್ಬಿಡ್ತೀವಿ. ಇದ್ರು ಅಂದ್ರೆ ನಾನು ಇನ್ನೊಂದ್ಸಲ ಇಳಿದು ನೋಡ್ತೀನಿ" ಎಂದ. ನಿನ್ನ ಗಂಡ ಎಷ್ಟು ಮರ್ಯಾದಸ್ಥ ನೋಡು, ನನ್ನ ಮುಖ ನೋಡಿ ಕೇಳಲಿಲ್ಲ, ಕಾಲುಚೀಲ ಎಳೆದುಕೊಳ್ಳುತ್ತಾ ನೆಲ ನೋಡಿ ಕೇಳಿದ.

ನಾನು ಹೇಳಿದೆ, "ಕಾರು ಎರಡು ಅಂದಿದೆಯಲ್ಲಪ್ಪಾ. ಹೋಗಿ ನೋಡು."

"ಸರಿ ಅತ್ತೆ" ಎಂದು ಹೋದ.

ಕ್ಷಮಿಸು ಎಂದು ಬರೆಯುವುದಿಲ್ಲ. ಆ ಮಾತಿಗೆ ಅಷ್ಟು ತೂಕ ಇಲ್ಲ. ಸೋಮವಾರ ಠಾಣೆಗೆ ಹೋಗಿ ಸಾಹೇಬರಿಗೂ ಇದನ್ನೇ ಹೇಳುತ್ತೇನೆ.

ಅಂಚೆ ಕಚೇರಿಯಿಂದ ನೇರವಾಗಿ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿದ್ದೆ. ನಿನ್ನಪ್ಪನಿಗೆ ಎಲ್ಲ ಹೇಳಿದೆ. ಮಾಸ್ಕಿನೊಳಗಿಂದ, "ಹಾಗಾದ್ರೆ ನೀರಲ್ಲಿ ಯಾರೂ ಇಲ್ಲ?" ಎಂದ. ಇಲ್ಲ ಎಂದೆ. "ಯಾರೂ ಇಲ್ಲ" ಎಂದು ತಾನೇ ಇನ್ನೊಂದು ಸಲ ಹೇಳಿಕೊಂಡ. ಆಮೇಲೆ ನನ್ನ ಕೈಯೊಳಗಿಂದ ತನ್ನ ಕೈಯನ್ನು ಮೆಲ್ಲಗೆ ಎಳೆದುಕೊಂಡ. ನರ್ಸು ಚಮಚ ಹಿಡಿದಾಗ ಬಾಯಿ ತೆರೆದ. ನಾಲ್ಕು ಚಮಚ ಗಂಜಿ ಕುಡಿದು, "ಜಿದಿಯಾಗೆ ಬರಿ. ಈಗ ಬರ್ತಾಳೆ" ಎಂದ. ನನ್ನ ಕಡೆ ತಿರುಗಲಿಲ್ಲ.

ಎರಡನೇ ಮಹಡಿ, ಎಡಗಡೆಯ ಕೊನೆಯ ಕೋಣೆ. ಮಧ್ಯಾಹ್ನ ಹನ್ನೆರಡರಿಂದ ಒಂದರ ತನಕ ಮನೆಯವರನ್ನು ಒಳಗೆ ಬಿಡುತ್ತಾರೆ. ಇನ್ನು ಮುಂದೆ ಆ ಹೊತ್ತಿಗೆ ನಾನು ಅಲ್ಲಿ ಇರುವುದಿಲ್ಲ.